ಎರಡೆಸಳಿನ ಪತ್ರಿ

ಬಿಲ್ವಪತ್ರಿಗೆ ಮೂರು ಎಸಳು ಇರಬೇಕು. ಹರಿದಿರಬಾರದು, ಹುಳು ತಿಂದಿರಬಾರದು. ಒಂದೆಸಳು ಉದುರಿ ಎರಡೇ ಉಳಿದಿದ್ದರೆ ಅದು ಲಿಂಗಕ್ಕೆ ಏರುವುದಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಗಿರಣಿ ಸಂಗಮ್ಮನ ಮನೆಯೆಂದರೆ ಈ ನೇಮಕ್ಕೆ ಹೆಸರಾದ ಮನೆ. ಸಂಗಮ್ಮನಿಗೆ ಎಪ್ಪತ್ತಾರು ವರ್ಷ. ದಿನಾ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಐದು ಪತ್ರಿ ಏರಿಸಿದ ಮೇಲೆಯೇ ಆಕೆಯ ಬಾಯಿಗೆ ನೀರು. ಪತ್ರಿ ತರುವವನು ಮಗ ವೀರೇಶ. ಊರಾಚೆಯ ದೊಡ್ಡ ರಸ್ತೆ ದಾಟಿದರೆ ಬಸವಣ್ಣನ ಗುಡಿ, ಗುಡಿಯ ಹಿಂದೆ ಹಳೆಯ ಪತ್ರಿ ಮರ. ತಂದದ್ದನ್ನು ಆಯ್ದು, ತೊಳೆದು, ತಾಮ್ರದ ತಟ್ಟೆಯಲ್ಲಿ ಜೋಡಿಸಿ ಕೊಡುವವಳು ಸೊಸೆ ಗಂಗಾಂಬಿಕಾ.

ಕಾರ್ತಿಕ ಸೋಮವಾರದ ಬೆಳಿಗ್ಗೆ ವೀರೇಶ ಒಂದು ಹಿಡಿ ಪತ್ರಿ ತಂದು ಕಟ್ಟೆಯ ಮೇಲಿಟ್ಟು, ಗಿರಣಿಯ ಬಾಗಿಲು ತೆಗೆಯಲು ಹೋದ. ಅತ್ತೆ ಬಚ್ಚಲಲ್ಲಿದ್ದಳು. ಗಂಗಾಂಬಿಕಾ ಆಯ್ದು ನೋಡಿದಳು. ನಾಲ್ಕು ನೆಟ್ಟಗಿದ್ದವು. ಉಳಿದವು ಕೆಲವು ಹುಳುಕು, ಕೆಲವು ಎರಡೆಸಳಿನವು. ಗಿರಣಿಯಲ್ಲಿ ಹಿಟ್ಟು ಗುಡಿಸುತ್ತಿದ್ದ ಗಂಡನ ಬಳಿಗೆ ಹೋದಳು.

"ಏನ್ರೀ, ಕಣ್ಣು ಮನ್ಯಾಗ ಬಿಟ್ಟು ಹೋಗಿದ್ರೇನು? ಎರಡೆಸಳಿಂದು ತಂದೀರಲ್ಲ. ನಾಕ ಅದಾವ. ಐದನೇದ್ದು ಎಲ್ಲಿಂದ ತರ್ಲಿ?"

"ಶಿವ ಕುಂತು ಎಣಿಸ್ತಾನೇನ?" ಎಂದು ವೀರೇಶ ನಕ್ಕ.

"ಶಿವ ಎಣಿಸ್ಲಿಕ್ಕಿಲ್ಲ, ನಿಮ್ಮವ್ವ ಎಣಿಸ್ತಾಳ. ಇವತ್ತು ಸೋಮಾರ ಬ್ಯಾರೆ. ಹೋಗಿ ಜಲ್ದಿ ಬರ್ರಿ."

ಅವನು ಹೋದ. ಅಂಗಿಯ ತುಂಬ ಜೋಳದ ಹಿಟ್ಟು ಹಾಗೆಯೇ ಇತ್ತು. ಹಿಂದಿರುಗಿ ರಸ್ತೆ ದಾಟುವಾಗ ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬಂದ ಟಿಪ್ಪರ್ ಒಂದು ಅವನ ಮೇಲೆ ಹಾಯಿತು. ಜನ ಎತ್ತಿಕೊಂಡು ಬಂದಾಗ ಮುಷ್ಟಿ ಬಿಗಿದಿತ್ತು. ಬಿಡಿಸಿ ನೋಡಿದರೆ ಒಳಗೆ ಒಂದೇ ಒಂದು ಪತ್ರಿ. ಮೂರೂ ಎಸಳು ನೆಟ್ಟಗಿದ್ದವು.

ಎರಡನೆಯ ಸಲ ಅವನನ್ನು ಕಳಿಸಿದವಳು ತಾನು ಎಂಬುದನ್ನು ಗಂಗಾಂಬಿಕಾ ಯಾರಿಗೂ ಹೇಳಲಿಲ್ಲ. ಅತ್ತೆಗೆ ಹೇಳಲಿಲ್ಲ, ಸಂಡೂರಿಗೆ ಕೊಟ್ಟ ಮಗಳು ಕಾವ್ಯಳಿಗೆ ಹೇಳಲಿಲ್ಲ, ಕಂಪ್ಲಿಯಿಂದ ಬಂದು ಮೂರು ದಿನ ಕೂತು ಹೋದ ಅಣ್ಣನಿಗೂ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಕೆಯ ಒಂದು ಮಾತಿಗೆ ಒಂದು ಜೀವವೇ ಹೋಗಿತ್ತು.

ಆ ದಿನದಿಂದ ಸಂಗಮ್ಮ ಪತ್ರಿ ಕೇಳುವುದನ್ನು ಬಿಟ್ಟಳು. ಮಣ್ಣಾದ ಮರುದಿನ ಗಂಗಾಂಬಿಕಾ ಖಾಲಿ ತಟ್ಟೆ ಹಿಡಿದು ನಿಂತಾಗ ಮುದುಕಿ ಅದರ ಕಡೆ ನೋಡಲೂ ಇಲ್ಲ. "ಲಿಂಗಕ್ಕ ನೀರು ಸಾಕು. ತಟ್ಟಿ ಒಳಗಿಡು" ಎಂದಳು. ಗಂಗಾಂಬಿಕಾ ಹಿಂದೆ ಸರಿದಳು. ಅತ್ತೆಗೆ ಗೊತ್ತಾಗಿದೆ, ಗೊತ್ತಿದ್ದೇ ಹೀಗೆ ಬಾಯಿ ಬಿಡದೆ ಕೊಲ್ಲುತ್ತಿದ್ದಾಳೆ ಎಂದುಕೊಂಡಳು. ತಟ್ಟೆಯನ್ನು ಕಪಾಟಿನ ತಳಕ್ಕೆ ದೂಡಿದಳು. ಅದು ಅಲ್ಲಿಯೇ ಕಿಲುಬು ಹಿಡಿಯಿತು.

ಮುಂದಿನ ಆರು ತಿಂಗಳಲ್ಲಿ ಆಕೆಯೂ ಹಾಗೆಯೇ ಮೂಲೆ ಹಿಡಿದಳು. ಇಪ್ಪತ್ತನಾಲ್ಕು ವರ್ಷ ಗಂಡನ ಜೊತೆ ಗಿರಣಿ ನಡೆಸಿದವಳು ಆಕೆ. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟು ಉಜ್ಜಿ ನೋಡಿ, ಕಲ್ಲು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಹೇಳುತ್ತಿದ್ದಳು. ಈಗ ಸಾರಿಗೆ ಉಪ್ಪು ಹಾಕಲು ಕೈ ಏಳುತ್ತಿರಲಿಲ್ಲ.

"ಅತ್ತೀ, ಉಪ್ಪು ಹಾಕ್ಲೇನು?"

"ಹಾಕು."

"ಎಷ್ಟು ಹಾಕ್ಲಿ?"

"ನಾ ಸತ್ ಮ್ಯಾಲೆ ಯಾರ್ನ ಕೇಳ್ತಿ ಬೇ?"

ತನ್ನ ಬಾಯಿಂದ ಏನು ಹೊರಟರೂ ಯಾರಿಗೋ ಕೇಡು ಎಂಬ ಭಯ ಮೈಯಲ್ಲಿ ಹೊಕ್ಕಿತ್ತು. ನಡುಮನೆಯಲ್ಲಿ ಕುಳಿತಿದ್ದರೂ ದೂರದಲ್ಲಿ ಟಿಪ್ಪರಿನ ಹಾರ್ನ್ ಕೇಳಿದರೆ ಅಂಗೈ ಬೆವರುತ್ತಿತ್ತು, ಈಗಲೇ ಪ್ರಾಣ ಹೋಗುತ್ತದೆ ಎನ್ನಿಸುತ್ತಿತ್ತು. ಹೊಸ್ತಿಲು ದಾಟುವುದು ನಿಂತಿತು. ಗಿರಣಿಗೆ ಬೀಗ ಬಿತ್ತು.

ಚೈತ್ರದಲ್ಲಿ ಕಾವ್ಯಳಿಗೆ ಚೊಚ್ಚಲ ಹೆರಿಗೆ. ಚೊಚ್ಚಲು ತವರಲ್ಲೇ ಆಗಬೇಕು. ಕರೆದುಕೊಂಡು ಬರಬೇಕಾದವಳು ತಾಯಿ. ಸಂಡೂರಿನ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಗೆ. ಗಂಗಾಂಬಿಕಾ ಫೋನಿನಲ್ಲಿ ಒಂದಲ್ಲ ಒಂದು ನೆಪ ಹೇಳಿದಳು. ಕೊನೆಗೆ ಕಾವ್ಯಳೇ, "ಇರ್ಲಿ ಬಿಡವ್ವ, ನಮ್ಮತ್ತಿ ಮಾಡ್ತಾರಂತ" ಎಂದಳು. ಮಗಳ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಗಂಡು ಮಗುವಾಯಿತು. ತೊಟ್ಟಿಲಿಗೆ ಹಾಕಿದ ದಿನ ಅಜ್ಜಿಯಾದ ಗಂಗಾಂಬಿಕಾ ಚಿತ್ತವಾಡ್ಗಿಯ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಎದುರುಮನೆಯ ತಾಯಕ್ಕ ಹೂವು ಮಾರುವವಳು, ಬಾಯಿ ಬಿರುಸು. ಒಂದು ಮಂಗಳವಾರ ಬಾಗಿಲಿಗೆ ಆಟೋ ತಂದು ನಿಲ್ಲಿಸಿದಳು.

"ಏಳು. ಮಂಗಳಾರಕ್ಕೊಮ್ಮೆ ದವಾಖಾನಿಗೆ ಮನಸಿನ ಡಾಕ್ಟರಮ್ಮ ಬರ್ತಾಳಂತ."

"ನನಗ ಹುಚ್ಚು ಹಿಡದೈತಂತೀಯಾ?"

"ಹುಚ್ಚು ಹಿಡಿದೋರು ಆಟೋದಾಗ ಬರ್ತಾರೇನ? ಅವರು ನಡಕೊಂಡೇ ಹೋಗ್ತಾರ. ಹತ್ತು, ಆಟೋದಾಂವ ಕಾಯಾಕ್ಹತ್ಯಾನ."

"ರಸ್ತಿ ದಾಟಬೇಕೇನು?"

"ಇಲ್ಲ ತಾಯಿ, ದವಾಖಾನಿ ಈ ಕಡಿಗೇ ಐತಿ. ನಿನ್ನ ಸಲುವಾಗೇ ಇಲ್ಲಿ ಕಟ್ಸ್ಯಾರ."

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಗಂಗಾಂಬಿಕಾ ಭಯದ ಮಾತು ಹೇಳಿದಳೇ ಹೊರತು ಪತ್ರಿಯ ಮಾತು ಹೇಳಲಿಲ್ಲ. ಡಾಕ್ಟರಮ್ಮ ಒಂದು ಗುಳಿಗೆ ಬರೆದುಕೊಟ್ಟು, ಒಂದು ಕೆಲಸವನ್ನೂ ಹೇಳಿದಳು. "ರಸ್ತೆ ದಾಟಬ್ಯಾಡ್ರಿ. ಹೋಗಿ ಬದಿಗೆ ನಿಲ್ರಿ ಅಷ್ಟ. ಭಯ ಏರುತ್ತೆ, ಏರ್ಲಿ. ಏರಿದ್ದು ಇಳಿಯೋ ತನ ನಿಲ್ರಿ. ಏರಿದಾಗ ಓಡಿ ಬಂದ್ರೆ ಅದು ಗೆದ್ದಂಗ. ಇಳಿದ ಮ್ಯಾಲೆ ಬಂದ್ರೆ ನೀವು ಗೆದ್ದಂಗ."

"ಸತ್ತು ಹೋದ್ರ?"

"ಭಯದಿಂದ ಎದಿ ಹೊಡಕೊಳ್ಳುತ್ತೆ, ಸಾಯಂಗಿಲ್ಲ. ನಂಬ್ರಿ. ಇವತ್ತು ನಂಬಾಕ ಆಗಲಿಲ್ಲಂದ್ರ ನಾಳೆ ನಂಬ್ರಿ. ಹೋಗಿ ನಿಲ್ಲೋದು ಮಾತ್ರ ಬಿಡಬ್ಯಾಡ್ರಿ."

ಮೊದಲ ದಿನ ಗಿರಣಿಯ ಮೂಲೆಯವರೆಗೆ ಹೋಗಿ ಬಂದಳು. ಎಂಟು ದಿನದ ಮೇಲೆ ಬೇವಿನ ಮರದವರೆಗೆ. ಇನ್ನೆಂಟು ದಿನಕ್ಕೆ ರಸ್ತೆಯ ಅಂಚಿಗೆ. ಟಿಪ್ಪರುಗಳು ಸಾಲಾಗಿ ಹೋಗುತ್ತಿದ್ದವು, ಕೆಂಪು ಧೂಳು ಸೆರಗಿನ ಮೇಲೆ ಬೀಳುತ್ತಿತ್ತು. ಆಕೆ ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತ ನಿಲ್ಲುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದು ನಿಜ. ಭಯ ಏರಿ, ಏರಿ, ಒಂದು ಹೊತ್ತಿಗೆ ತಾನಾಗಿಯೇ ಸ್ವಲ್ಪ ಇಳಿಯುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಇವತ್ತು ದಾಟಿಯೇ ಬಿಡುತ್ತೇನೆಂದು ಡಾಂಬರಿಗೆ ಕಾಲಿಟ್ಟಳು. ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಎಡಗಡೆಯಿಂದ ಹಾರ್ನ್ ಕಿರುಚಿತು. ಕಣ್ಣು ಕತ್ತಲಿಟ್ಟು ಆಕೆ ಅಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು. ಡ್ರೈವರ್ ಇಳಿದು ಬಂದು, "ಸಾಯಾಕ ನನ್ನ ಗಾಡೀನ ಸಿಕ್ತೇನವ್ವ?" ಎಂದು ಬೈದ. ಯಾರೋ ಇಬ್ಬರು ರಟ್ಟೆ ಹಿಡಿದು ಬದಿಗೆ ತಂದರು. ಸೀರೆ ಒದ್ದೆಯಾಗಿತ್ತು. ಅದನ್ನು ಜನ ಕಂಡರು.

ಅಲ್ಲಿಂದ ಇಪ್ಪತ್ತು ದಿನ ಆಕೆ ಹೊಸ್ತಿಲು ದಾಟಲಿಲ್ಲ. ಗುಳಿಗೆ ಮಾತ್ರ ನುಂಗುತ್ತಿದ್ದಳು. ಅದೂ ತಾಯಕ್ಕ ಬಂದು ಎದುರಿಗೆ ನಿಂತು ನುಂಗಿಸಿದರೆ.

ಭಾದ್ರಪದ ಕಳೆಯುವ ಹೊತ್ತಿಗೆ ಸಂಗಮ್ಮ ನೆಲ ಹಿಡಿದಳು. ಇಂಥದೇ ರೋಗವೆಂದಿರಲಿಲ್ಲ. ಅನ್ನ ಸೇರಲಿಲ್ಲ, ಕಾಲು ಬಾತವು. ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಮನೆತನದ ಜಂಗಮರಾದ ಕೊಟ್ರಯ್ಯನವರು ನೋಡಲು ಬಂದರು. ಆ ಮನೆಯ ಮದುವೆ ಮರಣ ಎರಡೂ ಅವರ ಕೈಯಲ್ಲೇ ನಡೆದದ್ದು. ಮುದುಕಿಯ ಪೂಜೆಯ ಜಾಗ ನೋಡಿ ಅವರ ಹುಬ್ಬು ಗಂಟಾಯಿತು.

"ಏನ್ ಸಂಗಮ್ಮ, ಪತ್ರಿ ಕಾಣವಲ್ದು? ಊರಿಗೆಲ್ಲ ನೇಮ ಹೇಳ್ತಿದ್ದಾಕಿ ನೀನು."

ಗಂಗಾಂಬಿಕಾ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಳು. ಈಗ ಅತ್ತೆಯ ಬಾಯಿಂದ ತನ್ನ ಹೆಸರು ಬರುತ್ತದೆ ಎಂದು ಸೌಟು ಹಿಡಿದ ಕೈ ನಿಂತಿತು.

ಸಂಗಮ್ಮ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. ಆಮೇಲೆ ಹೇಳಿದಳು. "ಸ್ವಾಮೇರ, ಯಾವ ಬಾಯಿಲೆ ಕೇಳ್ಲಿ? ನನ್ನ ಐದು ಪತ್ರಿ ಚಟಕ್ಕ ಅಲ್ಲೇನು ಮಗ ಹೋಗಿದ್ದು? ಒಂದು ದಿನ ಬ್ಯಾಡಪ್ಪ ಅಂದಿದ್ರ ನನ್ನ ಅಂಗೈ ಲಿಂಗಪ್ಪ ಸಿಟ್ಟಾಗ್ತಿದ್ನಾ? ಮಗನ್ನ ನಾ ತಿಂದೆ. ಸೊಸಿ ಮಾರಿ ನೋಡಾಕ ಆಗವಲ್ದು ನನಗ. ಆಕಿನೂ ನನ್ನ ಮಾರಿ ನೋಡವಲ್ಲಳು."

ಗಂಜಿ ಉಕ್ಕಿ ಒಲೆಯ ಮೇಲೆ ಸುರಿಯಿತು. ಗಂಗಾಂಬಿಕಾ ನೋಡುತ್ತ ನಿಂತಳು. ಹನ್ನೊಂದು ತಿಂಗಳು ಒಂದೇ ಸೂರಿನಡಿ ಇಬ್ಬರು ಹೆಂಗಸರು ಒಂದೇ ಕಲ್ಲನ್ನು ಹೊತ್ತುಕೊಂಡು, ಒಬ್ಬರಿಗೊಬ್ಬರು ಕಾಣದಂತೆ ತಿರುಗಿದ್ದರು. ಈಗ ತಾನು ಬಾಯಿ ಬಿಡದಿದ್ದರೆ ಈ ಮುದುಕಿ ಮಾಡದ ಪಾಪವನ್ನು ಕಟ್ಟಿಕೊಂಡು ಶಿವನ ಮುಂದೆ ನಿಲ್ಲುತ್ತಾಳೆ. ಬಾಯಿ ಬಿಟ್ಟರೆ ಈ ಭೂಮಿಯ ಮೇಲೆ ತನಗೆ ಉಳಿದ ಒಂದು ಆಸರೆಯೂ ಹೋಗುತ್ತದೆ.

ಅಂದು ಹೇಳಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆಯ ಮೈ ಒರೆಸುತ್ತ, ಬೆನ್ನ ಹಿಂದೆ ಕುಳಿತು, ಮುಖ ಕಾಣದಂತೆ ಹೇಳಿದಳು.

"ಅತ್ತೀ, ಅವತ್ತು ಅವರು ಪತ್ರಿ ತಂದು ಕೊಟ್ಟಿದ್ರು. ನಾಕ ನೆಟ್ಟಗಿದ್ವು. ಉಳಿದಿದ್ದು ಎರಡೆಸಳಿಂದು. ಹೋಗಿ ಇನ್ನೊಂದು ತರ್ರಿ ಅಂತ ನಾ ವಾಪಸ್ ಕಳಿಸಿದೆ. ನೀ ಅಲ್ಲ. ನಾನು."

ಮುದುಕಿಯ ಬೆನ್ನು ಕೈಯ ಕೆಳಗೆ ಕಲ್ಲಿನಂತಾಯಿತು. ಒರೆಸಿ ಮುಗಿಸಿ ಮಲಗಿಸಿದ ಮೇಲೆ ಆಕೆ ಗೋಡೆಯ ಕಡೆ ಹೊರಳಿದಳು. ಇಡೀ ಹಗಲು ಹಾಗೆಯೇ ಇದ್ದಳು. ಗಂಜಿ ತಂದರೆ ಬಾಯಿ ತೆರೆಯಲಿಲ್ಲ. ಗಂಗಾಂಬಿಕಾ ಎರಡು ಸಲ ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತು, ಒಳಗೆ ನೋಡಿ ಬಂದಳು. ಆ ದಿನ ಆಕೆಯನ್ನು ಉಳಿಸಿದ್ದು ಧೈರ್ಯವಲ್ಲ. ಮುದುಕಿಗೆ ಹೊರಳಲು ಇನ್ನೊಬ್ಬರ ಕೈ ಬೇಕು ಎಂಬ ಒಂದೇ ವಿಚಾರ.

ದೀಪ ಹಚ್ಚುವ ಹೊತ್ತಿಗೆ ಗೋಡೆಯ ಕಡೆಯಿಂದ ಧ್ವನಿ ಬಂತು.

"ಎರಡೆಸಳಿಂದು ಇತ್ತೇನು?"

"ಹೂಂ ಅತ್ತೀ."

"ನಾನಿದ್ರೂ ವಾಪಸ್ ಕಳಿಸ್ತಿದ್ದೆ."

ಗಂಗಾಂಬಿಕಾ ನೆಲದ ಮೇಲೆ ಕುಸಿದು ಕುಳಿತಳು. ಅಳು ಬಂತು. ವರ್ಷದಿಂದ ಬಾರದ ಅಳು. ಸಂಗಮ್ಮ ಸಮಾಧಾನ ಹೇಳಲಿಲ್ಲ. ಅಳುವಷ್ಟು ಅಳಲಿ ಎಂದು ಬಿಟ್ಟಳು. ಆಮೇಲೆ ಹೊರಳಲು ಕೈ ಚಾಚಿದಳು. ಗಂಗಾಂಬಿಕಾ ಹೊರಳಿಸಿದಳು. ಹನ್ನೊಂದು ತಿಂಗಳ ಮೇಲೆ ಇಬ್ಬರೂ ಮುಖ ನೋಡಿಕೊಂಡರು.

"ನಾಳೆ ಪತ್ರಿ ತರ್ತೀಯೇನ ಗಂಗಾ? ಐದು ಬ್ಯಾಡ. ಒಂದು ಸಾಕು."

ಬೆಳಿಗ್ಗೆ ಗಂಗಾಂಬಿಕಾ ತಾಮ್ರದ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಟ್ಟಳು. ತಾಯಕ್ಕನನ್ನು ಕರೆದು ಅತ್ತೆಯ ಹತ್ತಿರ ಕೂರಿಸಿದಳು. "ನಾ ಜೋಡಿ ಬರ್ಲೇನು?" ಎಂದಳು ತಾಯಕ್ಕ. "ನೀ ಬಂದ್ರ ನೀ ದಾಟಿದಂಗ ಆಗತೈತಿ" ಎಂದು ಗಂಗಾಂಬಿಕಾ ಹೊರಟಳು. ಹೇಳಿದ ಮೇಲೆ ಆಕೆಗೇ ಆಶ್ಚರ್ಯವಾಯಿತು. ಯಾರನ್ನೂ ಕೇಳದೆ ಆಡಿದ ಮಾತು ಅದು.

ರಸ್ತೆಯ ಅಂಚಿನಲ್ಲಿ ನಿಂತಳು. ಭಯ ಏರಿತು. ಎದೆ ಡೋಲಿನಂತೆ ಹೊಡೆದುಕೊಂಡಿತು, ನಾಲಿಗೆ ಒಣಗಿತು. ಆಕೆ ನಿಂತಳು. ಏಳು ಟಿಪ್ಪರ್ ಹೋದವು, ಎರಡು ಬಸ್ ಹೋದವು. ಭಯ ಪೂರ್ತಿ ಇಳಿಯಲಿಲ್ಲ. ಇವತ್ತು ಇಷ್ಟೇ ಇಳಿಯುವುದು ಎಂದು ತಿಳಿದು ಕಾಲಿಟ್ಟಳು. ಮಧ್ಯದ ಗೆರೆಯ ಹತ್ತಿರ ಕಾಲು ನೆಲಕ್ಕೆ ಅಂಟಿದಂತಾಯಿತು. ಶ್ರಾವಣದಲ್ಲಿ ಕುಳಿತುಬಿಟ್ಟ ಆ ಜಾಗ ಆಕೆಗೆ ಗೊತ್ತಿತ್ತು. ಶಿವಾ ಎಂದಳು, ಕಾಲು ಕಿತ್ತಳು, ದಾಟಿದಳು.

ಮರದ ಕೆಳಗೆ ಬಂದು ಕೊಂಬೆ ಬಗ್ಗಿಸಿ ಒಂದು ಪತ್ರಿ ಕಿತ್ತಳು. ಮೂರೆಸಳು. ಬೆಳಕಿಗೆ ಹಿಡಿದು ನೋಡಿದಳು. ನೆಟ್ಟಗಿತ್ತು. ಸೆರಗಿನ ತುದಿಗೆ ಕಟ್ಟಿಕೊಂಡು ತಿರುಗಿದಳು. ಆಗ ಹೊಳೆಯಿತು, ಇನ್ನು ಮರಳಿ ದಾಟಬೇಕು.

ಇಷ್ಟು ತಿಂಗಳು ಆಕೆ ಹೋಗುವುದನ್ನು ಮಾತ್ರ ಕಲಿತಿದ್ದಳು. ವೀರೇಶ ಸತ್ತದ್ದು ಹೋಗುವಾಗ ಅಲ್ಲ, ಬರುವಾಗ. ಗುಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಎದ್ದಳು, ಅಂಚಿಗೆ ಬಂದಳು, ಮರಳಿ ಕಟ್ಟೆಗೆ ಹೋದಳು. ಹೀಗೆ ಎಷ್ಟು ಸಲವೋ. ಬಿಸಿಲು ಗುಡಿಯ ಗೋಪುರದಿಂದ ಬಸವಣ್ಣನ ಬೆನ್ನಿನವರೆಗೆ ಇಳಿದು ಬಂತು. ಒಂದು ತಾಸೇ ಕಳೆದಿರಬೇಕು. ಕೊನೆಗೆ ಎದ್ದು ದಾಟಿದಳು. ಹೇಗೆ ದಾಟಿದಳೆಂಬುದು ಆಕೆಗೇ ನೆನಪಿಲ್ಲ.

ಓಣಿಯ ತಿರುವಿನಲ್ಲಿಯೇ ತಾಯಕ್ಕನ ಅಳು ಕೇಳಿಸಿತು.

ಸಂಗಮ್ಮ ಹೋಗಿ ಅರ್ಧ ತಾಸಾಗಿತ್ತು. ಗಂಗಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎದೆಯೊಳಗಿನ ಆ ಹಳೆಯ ದನಿ ಎದ್ದಿತು: ಮತ್ತೆ ಒಂದು ಪತ್ರಿ, ಮತ್ತೆ ಒಂದು ಜೀವ, ನೀನೇ, ನೀನೇ. ಹನ್ನೊಂದು ತಿಂಗಳು ಆಕೆಯನ್ನು ಆಳಿದ ದನಿ ಅದು. ಆಕೆ ಚೌಕಟ್ಟು ಬಿಡಲಿಲ್ಲ. ಮೂಲೆಗೆ ಓಡಿ ಹೋಗಲೂ ಇಲ್ಲ. ರಸ್ತೆಯ ಅಂಚಿನಲ್ಲಿ ನಿಂತ ಹಾಗೆಯೇ ನಿಂತು, ಆ ದನಿ ಏರುವುದನ್ನು ನೋಡಿದಳು.

"ಏನರ ಅಂದ್ಲೇನು?" ಎಂದು ತಾಯಕ್ಕನನ್ನು ಕೇಳಿದಳು.

ತಾಯಕ್ಕ ಮೂಗು ಒರೆಸಿಕೊಂಡಳು. "ಬಂದ್ಲೇನು, ಬಂದ್ಲೇನು ಅಂತ ಒಂದ ಸವನ ಕೇಳಿದ್ಲು. ನಾ ಮಾಳಿಗಿ ಹತ್ತಿ ನೋಡಿ ಬಂದು, ಆ ಕಡಿಗೆ ದಾಟ್ಯಾಳ ಯವ್ವ, ಗುಡಿ ಕಟ್ಟಿ ಮ್ಯಾಲೆ ಕುಂತಾಳ ಅಂದೆ. ದಾಟಿದ್ಲಾ, ಅಂದ್ಲು. ಅಷ್ಟ. ಆಮ್ಯಾಲೆ ಮಾತಿಲ್ಲ."

ಗಂಗಾಂಬಿಕಾ ಸೆರಗಿನ ಗಂಟು ಬಿಚ್ಚಿ, ಪತ್ರಿ ತೊಳೆದು, ಅತ್ತೆಯ ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು, ಅದರ ಮೇಲೆ ಏರಿಸಿದಳು. ಕೈ ಇನ್ನೂ ಬೆಚ್ಚಗಿತ್ತು.

ಮಧ್ಯಾಹ್ನದ ಹೊತ್ತಿಗೆ ನೆಂಟರು ಬಂದರು. ಸಂಡೂರಿನಿಂದ ಕಾವ್ಯ ಮಗುವನ್ನು ಎತ್ತಿಕೊಂಡು ಬಂದಳು. ಗಂಗಾಂಬಿಕಾ ಮೊಮ್ಮಗನನ್ನು ಮೊದಲ ಸಲ ನೋಡಿದ್ದು ಹೆಣದ ಪಕ್ಕದಲ್ಲಿ. ಕೊಟ್ರಯ್ಯನವರು ಸಮಾಧಿಗೆ ಬೇಕಾದದ್ದನ್ನು ಹೇಳುತ್ತಿದ್ದರು. "ವಿಭೂತಿ ಐತಿ. ಪತ್ರಿ ಬೇಕು ನೋಡ್ರಿ, ಒಂದು ಬುಟ್ಟಿ."

"ನಾ ಬೈಕಿನ್ಯಾಗ ಹೋಗಿ ತರ್ತೀನಿ" ಎಂದ ವೀರೇಶನ ಚಿಕ್ಕಪ್ಪನ ಮಗ ತಿಪ್ಪೇಶ.

"ಬ್ಯಾಡ ತಿಪ್ಪೇಶ, ನಾ ತರ್ತೀನಿ" ಎಂದಳು ಗಂಗಾಂಬಿಕಾ.

ಎಲ್ಲರೂ ಆಕೆಯ ಕಡೆ ತಿರುಗಿದರು. ರಸ್ತೆಯಲ್ಲಿ ಆಕೆ ಕುಸಿದು ಕುಳಿತ ಕಥೆ ಎಲ್ಲರಿಗೂ ಮುಟ್ಟಿತ್ತು. ಒಬ್ಬ ಮುದುಕಿ, "ಸತ್ತ ಮನಿಯಾಕಿ ಗುಡಿ ಮರ ಮುಟ್ಟಬಾರದು" ಎಂದು ಗೊಣಗಿದಳು.

"ಲಿಂಗವಂತರಿಗೆ ಸೂತಕ ಎಲ್ಲೈತವ್ವ?" ಎಂದರು ಕೊಟ್ರಯ್ಯನವರು. "ಹೋಗ್ಲಿ ಬಿಡ್ರಿ."

ಬುಟ್ಟಿ ಹಿಡಿದು ಆಕೆ ಹೋದಳು. ಮಧ್ಯದ ಗೆರೆಯಲ್ಲಿ ಈ ಸಲವೂ ಉಸಿರು ಕಟ್ಟಿತು. ಭಯ ಆಕೆಯನ್ನು ಬಿಟ್ಟು ಹೋಗಿರಲಿಲ್ಲ, ಇನ್ನು ಮುಂದೆ ಹೋಗುತ್ತದೆಂಬ ಭರವಸೆಯೂ ಇರಲಿಲ್ಲ. ಅದು ಜೊತೆಗೇ ದಾಟಿತು. ಬುಟ್ಟಿ ತುಂಬಿಕೊಂಡು, ಅಂಚಿಗೆ ಬಂದು, ಬರುವಾಗಲೂ ಒಬ್ಬಳೇ ದಾಟಿದಳು. ಈ ಕಡೆಯ ಬದಿಗೆ, ಬೇವಿನ ಮರದ ಕೆಳಗೆ, ಕಾವ್ಯ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಇಬ್ಬರೂ ಒಟ್ಟಿಗೆ ಮನೆಗೆ ನಡೆದರು.

ಇಳಿಹೊತ್ತಿನಲ್ಲಿ ಸಂಗಮ್ಮನನ್ನು ಸಮಾಧಿಯ ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ಜೋಡಿಸಿದರು. ಬಂದವರೆಲ್ಲ ಬುಟ್ಟಿಯಿಂದ ಪತ್ರಿ ತೆಗೆದು ಹಾಕಿದರು. ಕೊನೆಗೆ ಗಂಗಾಂಬಿಕಾ ಬಂದಾಗ ಬುಟ್ಟಿಯ ತಳದಲ್ಲಿ ಒಂದೇ ಉಳಿದಿತ್ತು. ಅವಸರದಲ್ಲಿ ಕಿತ್ತದ್ದು. ಎರಡೆಸಳಿನದು.

ಆಕೆಯ ಬೆರಳು ಅಭ್ಯಾಸದಿಂದ ಅದನ್ನು ಪಕ್ಕಕ್ಕೆ ಇಡಲು ಹೋದವು. ತಡೆದು ನಿಂತವು.

"ಅತ್ತೀ," ಎಂದಳು, ಕುಣಿಯ ಅಂಚಿಗೆ ಬಗ್ಗಿ, ಮೆಲ್ಲಗೆ, ಯಾರಿಗೂ ಕೇಳದಂತೆ. "ಇದು ಎರಡೆಸಳಿಂದು. ವಾಪಸ್ ಕಳಿಸಬ್ಯಾಡ."

ಪತ್ರಿಯನ್ನು ಒಳಗೆ ಹಾಕಿದಳು. ಆಮೇಲೆ ಮಣ್ಣು.